ದಿವಾಳಿಯಾದ ವಾರಂಟಿ ಕಂಪನಿ, ಕೈಹಿಡಿದ ಕೊನೆಯ ಪುಟ

2025ರ ಬೇಸಿಗೆಯಲ್ಲಿ, ಊರಿನಿಂದ ಬಂದಿದ್ದ ಅತ್ತೆ ಮಾವನವರನ್ನು ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಫ್ರೀಮಾಂಟ್‌ನ ಮನೆಗೆ ಮರಳುತ್ತಿದ್ದಾಗ, ನಮ್ಮ ಏಳು ಸೀಟಿನ ವ್ಯಾನು ಏರುದಾರಿಯಲ್ಲಿ ಗೇರ್ ಹಿಡಿಯದೆ ಸೊರಗಿತು. ಎಂಜಿನ್ ಅಬ್ಬರಿಸುತ್ತಿತ್ತು, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಟ್ರಾನ್ಸ್‌ಮಿಷನ್ ಹೋಗಿದೆ, ಒಟ್ಟು 4,380 ಡಾಲರ್ ಆಗುತ್ತದೆ ಎಂದು ಮರುದಿನ ಗ್ಯಾರೇಜಿನವರು ಹೇಳಿದಾಗಲೂ ನಾನು ಗಾಬರಿಯಾಗಲಿಲ್ಲ. ಎರಡು ವರ್ಷಗಳ ಹಿಂದೆ, ಸೆಕೆಂಡ್‌ಹ್ಯಾಂಡ್ ಆಗಿ ಈ ವ್ಯಾನನ್ನು ಕೊಂಡಾಗ, 3,000 ಡಾಲರ್ ಕೊಟ್ಟು ಐದು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಂಡಿದ್ದೆವು. ಆದರೆ ವಾರಂಟಿ ಕಂಪನಿಯ ಫೋನಿನಲ್ಲಿ ಮುದ್ರಿಸಿಟ್ಟ ಧ್ವನಿಯೊಂದೇ ಮತ್ತೆ ಮತ್ತೆ ಕೇಳಿಬಂದಿತು. ಆ ವಾರದ ಕೊನೆಗೆ ನ್ಯಾಯಾಲಯದ ಲಕೋಟೆ ಬಂದಿತು: ಕಂಪನಿ ದಿವಾಳಿ ಕಾನೂನಿನ 7ನೇ ಅಧ್ಯಾಯದ ಅಡಿಯಲ್ಲಿ ಅರ್ಜಿ ಸಲ್ಲಿಸಿದೆ, ಆಸ್ತಿಯನ್ನು ಮಾರಿ, ಹಣ ಬರಬೇಕಾದವರಿಗೆ ಹಂಚಲು ಟ್ರಸ್ಟಿಯೊಬ್ಬರು ನೇಮಕವಾಗಿದ್ದಾರೆ.

ಊರಿನಲ್ಲಿ ಚೀಟಿ ಮುಳುಗಿದಾಗ ಬಾಗಿಲಿನ ಮುಂದೆ ನಿಂತ ಜನರ ಮುಖ ಹೇಗಿರುತ್ತದೆ ಎಂಬುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಆ ಲಕೋಟೆಯನ್ನು ಹಿಡಿದು ಅಡುಗೆಮನೆಯಲ್ಲಿ ಕುಳಿತಾಗ ಅದೇ ನೆನಪಾಯಿತು. ನಮ್ಮ ಬೀದಿಯಲ್ಲೇ ಹಾಸನದ ಕಡೆಯ ಹಿರಿಯರೊಬ್ಬರಿದ್ದಾರೆ. ಇಲ್ಲಿನ ವಿಮಾ ಕ್ಷೇತ್ರದಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ಕಾಗದಗಳನ್ನೆಲ್ಲ ಅವರ ಮುಂದಿಟ್ಟೆ. ಅವರು ನ್ಯಾಯಾಲಯದ ಪತ್ರವನ್ನು ಪಕ್ಕಕ್ಕಿಟ್ಟು, "ಇದು ಆಮೇಲೆ. ಮೊದಲು ಕಾಂಟ್ರಾಕ್ಟಿನ ಕೊನೆಯ ಪುಟ ತೆಗೆಯಮ್ಮ" ಎಂದರು.

ನಾವು ಬಾಯಿಮಾತಿನಲ್ಲಿ ವಾರಂಟಿ ಎನ್ನುವುದು ಇಲ್ಲಿನ ಕಾನೂನಿನ ಕಣ್ಣಿಗೆ ಬಹುಪಾಲು ವಾರಂಟಿಯೇ ಅಲ್ಲ, ಅದು ಸರ್ವಿಸ್ ಕಾಂಟ್ರಾಕ್ಟ್, ಅಂದರೆ ದುರಸ್ತಿಯ ಖರ್ಚು ಹೊರುತ್ತೇವೆಂದು ಹಣ ಪಡೆದು ಬರೆದುಕೊಡುವ ಪ್ರತ್ಯೇಕ ಒಪ್ಪಂದ. ಕಾರು ತಯಾರಿಸಿದವರ ಮೂಲ ವಾರಂಟಿಯ ಮಾತು ಬೇರೆ. 2009ರಲ್ಲಿ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ಕುಸಿಯುತ್ತಿದ್ದಾಗ ಅವುಗಳ ವಾರಂಟಿಗೆ ಅಮೆರಿಕದ ಸರ್ಕಾರವೇ ಬೆನ್ನಿಗೆ ನಿಂತಿತ್ತು. ಡೀಲರ್ ಅಂಗಡಿಯಲ್ಲಿ ಮಾರುವ ಇಂತಹ ಕಾಂಟ್ರಾಕ್ಟಿನ ಹಿಂದೆ ಮಾತ್ರ ನಾಲ್ಕು ಬೇರೆ ಬೇರೆ ಪಕ್ಷಗಳಿರಬಹುದು: ಮಾರಿದ ಡೀಲರ್, ಕ್ಲೇಮ್ ನೋಡಿಕೊಳ್ಳುವ ಆಡಳಿತ ಕಂಪನಿ, ದುರಸ್ತಿಯ ಹೊಣೆ ಹೊತ್ತ ಕಂಪನಿ ಮತ್ತು ಆ ಹೊಣೆಗೆ ವಿಮೆ ಕೊಟ್ಟ ವಿಮಾ ಕಂಪನಿ. ನಮ್ಮ ಕೈಯಲ್ಲಿದ್ದ ಬಣ್ಣದ ಕಾರ್ಡಿನ ಮೇಲೆ ಒಂದೇ ಹೆಸರಿತ್ತು, ಮುಳುಗಿದ್ದೂ ಅದೇ.

ಕೊನೆಯ ಪುಟದ ಅಕ್ಷರಗಳು ಎಷ್ಟು ಸಣ್ಣವಾಗಿದ್ದವೆಂದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಂಡು ಓದಬೇಕಾಯಿತು. ಕ್ಯಾಲಿಫೋರ್ನಿಯಾಕ್ಕೆಂದೇ ಪ್ರತ್ಯೇಕವಾಗಿ ಸೇರಿಸಿದ್ದ ಭಾಗ ಅಲ್ಲಿತ್ತು. ಈ ಕಾಂಟ್ರಾಕ್ಟಿಗೆ ರಾಜ್ಯದ ಒಪ್ಪಿಗೆ ಪಡೆದ ವಿಮಾ ಕಂಪನಿಯ ಖಾತರಿ ಇದೆ, ಕೊಟ್ಟ ಮಾತನ್ನು ನಿರಾಕರಿಸಿದರೆ ಅಥವಾ ನಷ್ಟದ ದಾಖಲೆ ಸಲ್ಲಿಸಿ 60 ದಿನಗಳಾದರೂ ನಡೆಸಿಕೊಡದಿದ್ದರೆ ನೇರವಾಗಿ ಆ ವಿಮಾ ಕಂಪನಿಯಲ್ಲೇ ಕ್ಲೇಮ್ ಹೂಡಬಹುದು, ಅವರ ಉತ್ತರ ಸರಿಕಾಣದಿದ್ದರೆ ರಾಜ್ಯದ ವಿಮಾ ಇಲಾಖೆಯನ್ನು ಸಂಪರ್ಕಿಸಬಹುದು ಎಂಬುದು ಅದರ ಸಾರ. ಕೆಳಗೆ ವಿಮಾ ಕಂಪನಿಯ ಹೆಸರು, ವಿಳಾಸ. ಎರಡು ವರ್ಷಗಳ ಹಿಂದೆ ಡೀಲರ್ ಅಂಗಡಿಯ ಪುಟ್ಟ ಕೋಣೆಯಲ್ಲಿ, ಮಗು ತೂಕಡಿಸುತ್ತಿದ್ದಾಗ, ಫೈನಾನ್ಸ್ ಮ್ಯಾನೇಜರ್ "ತಿಂಗಳಿಗೆ ಐವತ್ತೇ ಡಾಲರ್" ಎಂದು ಹೇಳುತ್ತ ಒಂದೊಂದೇ ಹಾಳೆ ಮುಂದೆ ತಳ್ಳಿದಾಗ, ಈ ಪುಟಕ್ಕೂ ನಾನು ಸಹಿ ಹಾಕಿದ್ದೆ.

ಆ ದಿನವೇ ಒಂದೇ ಪತ್ರದ ಎರಡು ಪ್ರತಿಗಳನ್ನು, ಒಂದನ್ನು ದಿವಾಳಿಯಾದ ಕಂಪನಿಗೆ, ಇನ್ನೊಂದನ್ನು ವಿಮಾ ಕಂಪನಿಗೆ, ಸರ್ಟಿಫೈಡ್ ಮೇಲ್‌ನಲ್ಲಿ ಕಳುಹಿಸಿದೆವು. ನಮ್ಮ ಕಡೆ ರಿಜಿಸ್ಟರ್ಡ್ ಪೋಸ್ಟಿನ ಎ.ಡಿ. ಕಾರ್ಡ್ ಇರುತ್ತಿತ್ತಲ್ಲ, ಹಾಗೆಯೇ ಇಲ್ಲಿ ಸಹಿಯಾಗಿ ಹಿಂದಿರುಗುವ ಹಸಿರು ಕಾರ್ಡ್ ಇರುತ್ತದೆ. 60 ದಿನಗಳ ಲೆಕ್ಕ ಎಂದಿನಿಂದ ಶುರುವಾಯಿತು ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನಮ್ಮ ಬಳಿ ಬೇರೊಂದಿರಲಿಲ್ಲ. ವ್ಯಾನಿಲ್ಲದೆ ಅಷ್ಟು ದಿನ ಕಳೆಯುವಂತಿರಲಿಲ್ಲವಾದ್ದರಿಂದ, ದುರಸ್ತಿ ಮಾಡಿಸುತ್ತಿದ್ದೇವೆ, ಬೇಕಿದ್ದರೆ ಬಂದು ಪರೀಕ್ಷಿಸಿ ಎಂದು ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿ, ಬಿಚ್ಚಿದ ಭಾಗಗಳ ಫೋಟೋ ತೆಗೆಸಿ, ಹಳೆಯ ಟ್ರಾನ್ಸ್‌ಮಿಷನ್ನನ್ನು ಎಸೆಯದೆ ಇಟ್ಟಿರುವಂತೆ ಗ್ಯಾರೇಜಿನವರನ್ನು ಕೇಳಿಕೊಂಡೆವು. ಮುಂಚಿತವಾಗಿ ಒಪ್ಪಿಗೆ ಪಡೆಯದ ದುರಸ್ತಿಗೆ ಹಣವಿಲ್ಲ ಎಂಬ ಷರತ್ತು ಇಂತಹ ಕಾಂಟ್ರಾಕ್ಟುಗಳಲ್ಲಿ ಸಾಮಾನ್ಯ. ಒಪ್ಪಿಗೆ ಕೊಡಬೇಕಾದವರೇ ಇಲ್ಲದಿದ್ದಾಗ, ಕೇಳಿದ್ದೆವು ಎಂಬುದಕ್ಕಾದರೂ ಪುರಾವೆ ಬೇಕು.

ವಿಮಾ ಕಂಪನಿ ಕೇಳಿದ್ದು ಎರಡು ವರ್ಷಗಳ ಆಯಿಲ್ ಬದಲಾವಣೆಯ ರಸೀದಿಗಳನ್ನು. ಅವನ್ನೆಲ್ಲ ನಮ್ಮ ಯಜಮಾನರು ಹಳೆಯ ಸ್ವೀಟ್ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದರು. ತೆರೆದು ನೋಡಿದರೆ ಐದರಲ್ಲಿ ಮೂರು ರಸೀದಿಗಳ ಅಕ್ಷರ ಪೂರ್ತಿ ಮಾಸಿಹೋಗಿ, ನುಣುಪಾದ ಬಿಳಿ ಕಾಗದ ಮಾತ್ರ ಉಳಿದಿತ್ತು. ಪುಣ್ಯಕ್ಕೆ ಆಯಿಲ್ ಬದಲಿಸಿದ ಅಂಗಡಿಯವರ ಕಂಪ್ಯೂಟರಿನಲ್ಲಿ ದಾಖಲೆಯಿತ್ತು, ಮತ್ತೆ ಮುದ್ರಿಸಿಕೊಟ್ಟರು. 60 ದಿನಗಳು ಕಳೆದರೂ "ಪರಿಶೀಲನೆಯಲ್ಲಿದೆ" ಎಂಬ ಉತ್ತರವೇ ಬರುತ್ತಿದ್ದುದರಿಂದ ವಿಮಾ ಇಲಾಖೆಗೆ ದೂರು ಕೊಟ್ಟೆವು. ಅದಾದ ಮೂರನೆಯ ವಾರ 4,060 ಡಾಲರಿನ ಚೆಕ್ ಬಂದಿತು. ನಮ್ಮ ಪಾಲಿನ 100 ಡಾಲರ್ ಮತ್ತು ಕಾಂಟ್ರಾಕ್ಟಿಗೆ ಒಳಪಡದ 220 ಡಾಲರನ್ನು ಅದರಲ್ಲಿ ಮುರಿದುಕೊಂಡಿದ್ದರು.

ಈ ನಡುವೆ ಸಾಲದ ಕಂತನ್ನು ನಾವು ಒಂದು ತಿಂಗಳೂ ತಪ್ಪಿಸಲಿಲ್ಲ. ವಾರಂಟಿಯ ಹಣ ಕಾರಿನ ಸಾಲದಲ್ಲೇ ಸೇರಿರುವುದರಿಂದ, ಕಂಪನಿ ಮುಳುಗಿದ ಮೇಲೆ ಕಂತು ಏಕೆ ಕಟ್ಟಬೇಕು ಎಂದು ಕೋಪ ಬರುವುದು ಸಹಜ. ಆದರೆ ಕಂತು ನಿಂತರೆ ಕಾರನ್ನೇ ಎಳೆದುಕೊಂಡು ಹೋಗುತ್ತಾರೆ, ಕ್ರೆಡಿಟ್ ದಾಖಲೆಯೂ ಕೆಡುತ್ತದೆ. ಅದರ ಬದಲು ಸಾಲದ ಪತ್ರವನ್ನು ಓದಬೇಕು. ಡೀಲರ್ ಮೂಲಕ ಮಾಡಿಸಿದ ಸಾಲದ ಪತ್ರದಲ್ಲಿ, 1970ರ ದಶಕದಿಂದ ಜಾರಿಯಲ್ಲಿರುವ ಕೇಂದ್ರದ ನಿಯಮವೊಂದರಂತೆ, ದಪ್ಪಕ್ಷರದ ಸೂಚನೆಯೊಂದು ಇರಲೇಬೇಕು: ಮಾರಿದವರ ಮೇಲೆ ಹೂಡಬಹುದಾದ ತಕರಾರನ್ನು, ನಾವು ಕಟ್ಟಿದ ಮೊತ್ತದ ಮಿತಿಯೊಳಗೆ, ಆ ಸಾಲಪತ್ರವನ್ನು ಹೊಂದಿರುವವರ ಮೇಲೂ ಹೂಡಬಹುದು. ನಮಗೆ ಅದನ್ನು ಬಳಸುವ ಅಗತ್ಯ ಬೀಳಲಿಲ್ಲ.

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರುವ ನನ್ನ ತಮ್ಮನ ಕಥೆ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಅವನು ಇದೇ ಕಂಪನಿಯ ಕಾಂಟ್ರಾಕ್ಟನ್ನು ಫೋನಿನಲ್ಲಿ ಕೊಂಡು ಕ್ರೆಡಿಟ್ ಕಾರ್ಡಿನಲ್ಲಿ ತಿಂಗಳ ಕಂತು ಕಟ್ಟುತ್ತಿದ್ದ, ಅವನ ಕಾಗದದಲ್ಲಿ ವಿಮಾ ಕಂಪನಿಯ ಹೆಸರೇ ಇರಲಿಲ್ಲ. ಎಲ್ಲ ರಾಜ್ಯಗಳೂ ವಿಮೆಯನ್ನೇ ಕಡ್ಡಾಯ ಮಾಡಿಲ್ಲ; ಕೆಲವೆಡೆ ಮೀಸಲು ನಿಧಿ ಮತ್ತು ಠೇವಣಿ ಇಟ್ಟರೆ ಸಾಕು. ವಿಮೆ ಇದ್ದರೂ ಅದನ್ನು ಕೊಟ್ಟವರು ಯಾರು ಎಂಬುದು ಮುಖ್ಯ. 2003ರಲ್ಲಿ ನೆಬ್ರಾಸ್ಕಾದ ಲಿಂಕನ್ ಊರಿನಿಂದ ವ್ಯವಹರಿಸುತ್ತಿದ್ದ, ಕೇಮನ್ ದ್ವೀಪದಲ್ಲಿ ನೋಂದಣಿಯಾದ, ಇಂತಹ ಕಾಂಟ್ರಾಕ್ಟುಗಳಿಗೆ ವಿಮೆ ಕೊಡುತ್ತಿದ್ದ ನ್ಯಾಷನಲ್ ವಾರಂಟಿ ಎಂಬ ಸಂಸ್ಥೆಯೇ ಮುಳುಗಿತು. ಅದು ರಿಸ್ಕ್ ರಿಟೆನ್ಷನ್ ಗ್ರೂಪ್, ಅಂದರೆ ಒಂದೇ ಬಗೆಯ ವ್ಯವಹಾರದವರು ಸೇರಿ ತಮ್ಮ ಹೊಣೆಗೆ ತಾವೇ ವಿಮೆ ಮಾಡಿಕೊಳ್ಳುವ ಕೂಟ, ಎಂಬ ವರ್ಗಕ್ಕೆ ಸೇರಿತ್ತು; ಅಂತಹವಕ್ಕೆ, ವಿಮಾ ಕಂಪನಿ ಮುಳುಗಿದಾಗ ನೆರವಾಗುವ ರಾಜ್ಯಗಳ ವಿಮಾ ಖಾತರಿ ನಿಧಿಯ ರಕ್ಷಣೆ ಇಲ್ಲ. ಊರಿನಲ್ಲಿ ಬ್ಯಾಂಕ್ ಮುಳುಗಿದರೆ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯಾದರೂ ಇದೆ.

ಸೇವೆ ಸಿಗದ ತಕರಾರನ್ನು ಕಾರ್ಡ್ ಬಿಲ್ಲು ಕಳುಹಿಸಿದ 60 ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬೇಕೆಂಬ ಕಾನೂನಿನಂತೆ, ಕಂಪನಿ ಬಾಗಿಲು ಹಾಕಿದ ಮೇಲೆ ಕಡಿತವಾಗಿದ್ದ ಎರಡು ಕಂತುಗಳನ್ನು ಅವನು ಬ್ಯಾಂಕಿನಿಂದ ಹಿಂದಕ್ಕೆ ಪಡೆದ. ಉಳಿದ ಹಣಕ್ಕೆ ದಿವಾಳಿ ನ್ಯಾಯಾಲಯದ ಸರದಿಯಲ್ಲಿ ನಿಲ್ಲುವುದೇ ಗತಿ. ಅಲ್ಲಿ ಕ್ಲೇಮ್ ಸಲ್ಲಿಸಲು ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 410ನೇ ನಮೂನೆಯನ್ನು ತುಂಬಿ, ಕಟ್ಟಿದ ಹಣದ ದಾಖಲೆ ಲಗತ್ತಿಸಬೇಕು. ಅವನು ತುಂಬುವಾಗ ನಾನು ವಿಡಿಯೋ ಕರೆಯಲ್ಲಿ ಜೊತೆಗಿದ್ದೆ. ಹನ್ನೆರಡನೆಯ ಪ್ರಶ್ನೆಯಲ್ಲಿ ಒಂದು ಚೌಕವಿದೆ: ಸ್ವಂತ ಅಥವಾ ಮನೆಯ ಬಳಕೆಯ ಸೇವೆಗೆ ಮುಂಗಡ ಕೊಟ್ಟು, ಸೇವೆ ಪಡೆಯದವರಿಗೆ ನಿಗದಿತ ಮೊತ್ತದವರೆಗೆ, ಹಣ ಬರಬೇಕಾದ ಸಾಮಾನ್ಯರಿಗಿಂತ ಮುಂಚೆ ಪಾಲು. 2025ರ ಏಪ್ರಿಲ್ 1ರಿಂದ ಆ ಮಿತಿ 3,800 ಡಾಲರ್. ಕಾಂಟ್ರಾಕ್ಟಿಗೆ ಕಟ್ಟಿದ ಹಣ ಅಂತಹ ಮುಂಗಡವೇ ಅಲ್ಲವೇ ಎಂಬ ಬಗ್ಗೆ ಟ್ರಸ್ಟಿ ಆಕ್ಷೇಪ ಎತ್ತಬಹುದು, ಆದರೂ ಗುರುತು ಹಾಕು ಎಂದೆ. ಆ ಚೌಕವನ್ನು ಖಾಲಿ ಬಿಟ್ಟರೆ ಅಡಮಾನ ಹಿಡಿದ ಬ್ಯಾಂಕುಗಳು ಮತ್ತು ಆದ್ಯತೆ ಇರುವ ಇತರರೆಲ್ಲ ಪಡೆದು ಮಿಕ್ಕಿದ್ದರಲ್ಲಿ, ಹಣ ಬರಬೇಕಾದ ಉಳಿದ ಸಾಮಾನ್ಯರ ಜೊತೆ ನಮ್ಮ ಪಾಲು, ಮಿಕ್ಕುವುದೂ ಅಪರೂಪ. ಕಂಪನಿ ತಾನಾಗಿಯೇ ದಿವಾಳಿ ಅರ್ಜಿ ಹಾಕಿದ್ದರೆ, ಈ ಅಧ್ಯಾಯದಲ್ಲಿ ಕ್ಲೇಮ್ ಸಲ್ಲಿಸುವ ಗಡುವು ಸಾಮಾನ್ಯವಾಗಿ ಆ ಅರ್ಜಿಯ ದಿನದಿಂದ 70 ದಿನ.

ಕ್ಲೇಮ್ ಸಲ್ಲಿಸಿದ ಕೆಲವೇ ದಿನಗಳಲ್ಲಿ ತಮ್ಮನಿಗೆ, ಶುಲ್ಕ ಕೊಟ್ಟರೆ ಹಣ ಬಿಡಿಸಿಕೊಡುತ್ತೇವೆ ಎನ್ನುವ ಅಪರಿಚಿತರ ಕರೆಗಳು ಬರತೊಡಗಿದವು. ಇಲ್ಲಿ ಇತ್ತೀಚೆಗೆ ಬಂದ ನಮ್ಮವರಿಗೆ, ವಿಶೇಷವಾಗಿ ಓದುವ ಮಕ್ಕಳಿಗೆ, ಇದನ್ನು ಕೈಮುಗಿದು ಹೇಳುತ್ತೇನೆ: ಅಂತಹವರಿಗೆ ಒಂದು ಡಾಲರನ್ನೂ ಕೊಡಬೇಡಿ, ಕಾರ್ಡ್ ಸಂಖ್ಯೆಯನ್ನಂತೂ ಹೇಳಲೇಬೇಡಿ.

ತಮ್ಮನಿಗೆ ನ್ಯಾಯಾಲಯದಿಂದ ಕ್ಲೇಮ್ ಸಂಖ್ಯೆ ಬಂದಿದೆ, ಹಣ ಹಂಚುವ ದಿನ ಇನ್ನೂ ಗೊತ್ತಾಗಿಲ್ಲ. ನಮ್ಮ ವ್ಯಾನಿನ ಡ್ಯಾಶ್‌ಬೋರ್ಡಿನಲ್ಲಿ ಈಗ ಆ ಬಣ್ಣದ ಕಾರ್ಡಿನ ಬದಲು ಕಾಂಟ್ರಾಕ್ಟಿನ ಕೊನೆಯ ಪುಟದ ಪ್ರತಿಯಿದೆ. ಕಾಂಟ್ರಾಕ್ಟು ಮುಗಿಯಲು ಇನ್ನೂ ಎರಡೂ ಚಿಲ್ಲರೆ ವರ್ಷವಿದೆ.