ಹಿತ್ತಿಲಿನ ಹಳದಿ ದಾಸವಾಳ: ಬೀಜದಿಂದ ಮೊದಲ ಹೂವಿನವರೆಗೆ

ಓಆಹು ದ್ವೀಪದ ಪಶ್ಚಿಮದ ಒಣ ಭಾಗದಲ್ಲಿರುವ ನಮ್ಮ ಹಿತ್ತಿಲಿನಲ್ಲಿ ಮಾವೊ ಹೌ ಹೆಲೆ ಈ ವಾರ ಹೂ ಬಿಟ್ಟಿದೆ. ಹವಾಯಿ ದ್ವೀಪಗಳಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಹಳದಿ ದಾಸವಾಳ ಇದು. 1923ರಲ್ಲಿ ದಾಸವಾಳ ಇಲ್ಲಿನ ಅಧಿಕೃತ ಹೂವಾದಾಗ ಇಂಥದ್ದೇ ಬಣ್ಣ ಎಂಬ ನಿಯಮವಿರಲಿಲ್ಲ. ಹಳದಿಗೆ ರಾಜ್ಯಪುಷ್ಪದ ಪಟ್ಟ ಸಿಕ್ಕಿದ್ದು 1988ರಲ್ಲಿ. 1994ರಲ್ಲಿ ಅದೇ ಗಿಡ ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ಮೇಕೆ, ಹಂದಿ, ಕಾಳ್ಗಿಚ್ಚು, ಆ ಕಿಚ್ಚಿಗೆ ಉರುವಲಾಗುವ ಗಿನಿ ಹುಲ್ಲು, ಎಲ್ಲವೂ ಹೊರಗಿನಿಂದ ಬಂದವರ ಹಿಂದೆಯೇ ಬಂದವು. ಕಾಡಿನಲ್ಲಿ ನೆಲೆ ತಪ್ಪಿದ ಹೂವಿಗೆ ಪಟ್ಟ ಕಟ್ಟಿದ್ದೇವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಕಾಡಿನಿಂದ ಬೀಜ ತರುವಂತಿಲ್ಲ. ಪಕ್ಕದ ಮನೆಯವರು ಪರವಾನಗಿ ಇರುವ ನರ್ಸರಿಯಿಂದ ತಂದು ಬೆಳೆಸಿದ ಗಿಡದ ಒಣಕಾಯಿಗಳನ್ನು ಕೊಟ್ಟಿದ್ದರು. ಬೀಜದ ಸಿಪ್ಪೆ ಗಟ್ಟಿ. ಉಗುರು ಕತ್ತರಿಯಿಂದ ಅದನ್ನು ತುಸುವೇ ಚಿವುಟಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿದೆ. ಕುಂಡದ ಮಣ್ಣಿಗೆ ಕಪ್ಪು ಲಾವಾ ಚೂರು ಧಾರಾಳವಾಗಿ ಬೆರೆಸಿದ್ದೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಮೊಳಕೆಯ ಮಟ್ಟಿಗೆ ತೊಂದರೆಯಾಗಲಿಲ್ಲ.

ತೊಂದರೆ ಶುರುವಾದದ್ದು ಎಲೆ ಅಗಲವಾದ ಮೇಲೆ. ಸಂಜೆ ಸರಿಯಾಗಿದ್ದ ಎಲೆ ಬೆಳಿಗ್ಗೆ ಜಾಲರಿಯಾಗಿರುತ್ತಿತ್ತು. ನರಗಳಷ್ಟೇ ಉಳಿದು, ನಡುವಿನ ಹಸಿರೆಲ್ಲ ಮಾಯ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಅರ್ಧ ಇಂಚಿನ ಕಂದು ದುಂಬಿಗಳು ಎಲೆಗೆ ಜೋತುಬಿದ್ದಿದ್ದವು. ಇವನ್ನು ಇಲ್ಲಿ ಚೈನೀಸ್ ರೋಸ್ ಬೀಟಲ್ ಎನ್ನುತ್ತಾರೆ. 19ನೇ ಶತಮಾನದಲ್ಲೇ ಬಂದು ಬೇರೂರಿದ ಕೀಟ. ಹಗಲಿಡೀ ಮಣ್ಣಿನಲ್ಲೋ ತರಗೆಲೆಯ ಅಡಿಯಲ್ಲೋ ಅಡಗಿದ್ದು, ಸೂರ್ಯ ಮುಳುಗಿ ಅರ್ಧ ಗಂಟೆಯ ಹೊತ್ತಿಗೆ ಮೇಲೇಳುತ್ತವೆ. ಬೆಳಕು ಕಂಡರೆ ಹಿಂಜರಿಯುತ್ತವೆ. ಹಾಗಾಗಿ ಮುಸ್ಸಂಜೆಗೆ ತಾನಾಗಿ ಹೊತ್ತಿಕೊಳ್ಳುವ ಸೌರದೀಪವನ್ನು ಎಲೆಗಳ ಮೇಲೆಯೇ ಬೆಳಕು ಬೀಳುವಂತೆ ನೆಟ್ಟೆ, ಬುಡದ ತರಗೆಲೆ ಗುಡಿಸಿದೆ. ಆಮೇಲೆ ಬಂದ ಚಿಗುರು ಬಹುಪಾಲು ಇಡಿಯಾಗಿ ಉಳಿಯಿತು. ವಿಷ ಸಿಂಪಡಿಸದೆ ಇಷ್ಟು ದಕ್ಕಿದ್ದು ನನಗೆ ದೊಡ್ಡ ಸಮಾಧಾನ. ದೀಪದ ಬೆಳಕು ತಲುಪದ ಹಿಂಬದಿಯ ಕೊಂಬೆಯಲ್ಲಿ ಮಾತ್ರ ಇನ್ನೂ ತೂತುಗಳಿವೆ.

ಈಗ ಗಿಡ ನೆಲದಲ್ಲಿದೆ, ನನ್ನ ಭುಜದೆತ್ತರ. ಊರಿನಲ್ಲಿ ದೇವರಿಗೆಂದು ಬೆಳಿಗ್ಗೆ ಬಿಡಿಸುತ್ತಿದ್ದ ದಾಸವಾಳದ ವೇಳಾಪಟ್ಟಿ ಇದಕ್ಕೆ ಹೊಂದುವುದಿಲ್ಲ. ಮೊಗ್ಗು ಬಿರಿಯುವುದು ಮಧ್ಯಾಹ್ನದ ಮೇಲೆ, ಮುಚ್ಚುವುದು ಮರುದಿನ ಹೊತ್ತೇರಿದಾಗ. ಐದು ದಳ, ತಿಳಿ ಹಳದಿ, ಒಳಗೆ ಬುಡದಲ್ಲಿ ಕಡುಗೆಂಪು ಮಚ್ಚೆ. ಅಂಗೈ ತುಂಬುವಷ್ಟು ದೊಡ್ಡದು.

ಈ ಜಾತಿಗೆ ಆಯಸ್ಸು ಕಡಿಮೆ, ಕೆಲವೇ ವರ್ಷ. ಅದಕ್ಕೇ ಎರಡನೆಯ ತಂಡದ ಬೀಜಗಳನ್ನು ನಿನ್ನೆಯೇ ನೆನೆಹಾಕಿದ್ದೇನೆ. ಎರಡನೆಯ ಸೌರದೀಪ ಹಿಂಬದಿಯ ಕೊಂಬೆಗೆ.