ಫಾರ್ಮಲಿನ್‌ನಲ್ಲಿ ಕರಗಿದ ಸೈಕಾನ್

ಹುಬ್ಬಳ್ಳಿಯ ಪದವಿ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಸೈಕಾನ್ ಎಂಬ ಸಣ್ಣ ಕಡಲ ಸ್ಪಂಜಿನ ಎರಡು ಬರಣಿಗಳಿವೆ. ಮಾದರಿ ಕೊಳೆಯದಂತೆ ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಸ್ಪಿರಿಟ್, ಅಂದರೆ ಆಲ್ಕೋಹಾಲ್ ತುಂಬಿದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಸ್ಪಿರಿಟ್ ಬೇಗ ಆರಿಹೋಗುತ್ತದೆ, ಮತ್ತೆ ಮತ್ತೆ ತುಂಬಬೇಕಾಗುತ್ತದೆ ಎಂಬ ಕಾರಣಕ್ಕೆ ನಾನು ಪ್ರತಿವರ್ಷವೂ ಫಾರ್ಮಲಿನ್ ಬರಣಿಯನ್ನೇ ಮೇಜಿನ ಮೇಲೆ ಇಡುತ್ತಿದ್ದೆ.

ಸ್ಪಂಜಿನ ಕಂಟಕಗಳನ್ನು, ಅಂದರೆ ಅದರ ಮೈಗೆ ಆಧಾರವಾಗಿರುವ ಗಟ್ಟಿ ಮುಳ್ಳುಗಳನ್ನು, ತೋರಿಸುವ ಪ್ರಾಯೋಗಿಕ ತರಗತಿ ನಡೆದಿತ್ತು. ಸಣ್ಣ ತುಣುಕೊಂದನ್ನು ಬ್ಲೀಚ್ ದ್ರಾವಣದಲ್ಲಿ ಇಟ್ಟರೆ ಮೃದುಭಾಗವೆಲ್ಲ ಕರಗಿ, ಸೂಜಿಯಂಥ ಕಂಟಕಗಳಷ್ಟೇ ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಿದ್ದ ವಿದ್ಯಾರ್ಥಿನಿ, "ಸರ, ಇದರಾಗ ಏನೂ ಕಾಣವಲ್ದ್ರೀ" ಎಂದಳು. ಬ್ಲೀಚ್ ಹೆಚ್ಚಾಗಿರಬಹುದೆಂದು ಇನ್ನೊಂದು ಸ್ಲೈಡ್ ಮಾಡಿಸಿದೆ, ಅದೂ ಖಾಲಿ. ಆಗ ಇಕ್ಕಳದಿಂದ ಮಾದರಿಯನ್ನೇ ಮೇಲೆತ್ತಿ ಮುಟ್ಟಿ ನೋಡಿದರೆ ನೆನೆದ ಹತ್ತಿಯಂತೆ ಮೆತ್ತಗಿತ್ತು. ಸ್ಪಿರಿಟ್ ಬರಣಿಯದು ಹಾಗಿರಲಿಲ್ಲ, ಬೆರಳಿಗೆ ಒರಟಾಗಿ ಹತ್ತಿತು. ಅದರ ತುಣುಕಿನಲ್ಲಿ ಮೂರು ಕವಲಿನ, ನಾಲ್ಕು ಕವಲಿನ ಕಂಟಕಗಳು ಗಾಜಿನ ಚೂರುಗಳಂತೆ ಹೊಳೆಯುತ್ತಿದ್ದವು.

ಕಾರಣ ಸರಳ, ಆದರೂ ನಾನು ಅದನ್ನು ಮೊದಲೇ ಯೋಚಿಸಬೇಕಾಗಿತ್ತು. ಫಾರ್ಮಲಿನ್ ಕಾಲ ಕಳೆದಂತೆ ಗಾಳಿಯೊಡನೆ ಸೇರಿ ಸ್ವಲ್ಪ ಸ್ವಲ್ಪವೇ ಫಾರ್ಮಿಕ್ ಆಮ್ಲವಾಗುತ್ತದೆ. ಸೈಕಾನ್‌ನ ಕಂಟಕಗಳು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನದೇ ವಸ್ತು. ಆಮ್ಲದಲ್ಲಿ ಅದು ಉಳಿಯುವುದಿಲ್ಲ. ಮರಳಿನ ವಸ್ತುವಾದ ಸಿಲಿಕಾದಿಂದ ಕಂಟಕ ಕಟ್ಟಿಕೊಳ್ಳುವ ಸ್ಪಂಜುಗಳಿಗೆ ಈ ಗತಿ ಬರುವುದಿಲ್ಲ.

ಕಂಟಕ ಹೋದರೆ ಸೈಕಾನ್‌ನಲ್ಲಿ ಕಲಿಸಲು ಉಳಿಯುವುದು ಬಹಳ ಕಡಿಮೆ. ಹೂದಾನಿಯ ಆಕಾರದ ಈ ಜೀವಿಗೆ ಹೃದಯವಿಲ್ಲ, ಕರುಳಿಲ್ಲ, ನರಗಳಿಲ್ಲ. ಮೈತುಂಬ ಇರುವ ಸೂಕ್ಷ್ಮ ರಂಧ್ರಗಳಿಂದ ನೀರು ಒಳಬರುತ್ತದೆ. ಒಳನಾಳಗಳ ಗೋಡೆಯಲ್ಲಿರುವ ಕೊರಳಪಟ್ಟಿ ಜೀವಕೋಶಗಳು ಚಾವಟಿಯಂಥ ಎಳೆಯನ್ನು ಬೀಸಿ ಆ ನೀರನ್ನು ಸಾಗಿಸುತ್ತ, ಅದರಲ್ಲಿರುವ ಬ್ಯಾಕ್ಟೀರಿಯಾ ಮತ್ತು ಆಹಾರಕಣಗಳನ್ನು ಹಿಡಿಯುತ್ತವೆ. ಉಳಿದ ನೀರು ಮೇಲಿನ ದೊಡ್ಡ ಬಾಯಿಯಿಂದ ಹೊರಹೋಗುತ್ತದೆ. ಆ ಬಾಯಿಯ ಸುತ್ತ ಉದ್ದ ಕಂಟಕಗಳ ಕುಚ್ಚು ಇರುತ್ತದೆ. ಗ್ರೀನ್‌ಲ್ಯಾಂಡ್‌ನಿಂದ ಡೆನ್ಮಾರ್ಕಿನ ನಿಸರ್ಗತಜ್ಞ ಓಟ್ಟೊ ಫಾಬ್ರಿಷಿಯಸ್ 1780ರಲ್ಲಿ ವರ್ಣಿಸಿದ ಸೈಕಾನ್ ಸಿಲಿಯಾಟಮ್ ಎಂಬ ಜಾತಿ ಕೆಲವೇ ಸೆಂಟಿಮೀಟರ್ ಉದ್ದದ್ದು. ಉತ್ತರ ಅಟ್ಲಾಂಟಿಕ್ ತೀರದಲ್ಲಿ ಬಂಡೆಯ ಚಾಚಿನಡಿಯ ನೆರಳಿನಲ್ಲಿ, ಕಡಲಪಾಚಿಗೆ ಅಂಟಿಕೊಂಡು ಬದುಕುತ್ತದೆ. ಭ್ರೂಣ ತಾಯಿಯ ಮೈಯೊಳಗೇ ಬೆಳೆಯುತ್ತದೆ. ಹೊರಬಂದ ಮರಿ ಅರ್ಧ ಮೈಯ ಎಳೆಗಳನ್ನು ಬೀಸಿ ಈಜಿ, ತಕ್ಕ ಜಾಗ ಸಿಕ್ಕಾಗ ಅಂಟಿಕೊಳ್ಳುತ್ತದೆ. ಆಗ ಎಳೆಗಳಿದ್ದ ಆ ಕೋಶಗಳು ಒಳಮಗ್ಗುಲಿಗೆ ತಿರುಗಿ, ಮುಂದೆ ನೀರು ಸಾಗಿಸುವ ಕೋಶಗಳಾಗುತ್ತವೆ. ಈ ಭಾಗ ಹೇಳುವಾಗ ಪ್ರತಿಸಲವೂ ನನಗೆ ರೋಮಾಂಚನವಾಗುತ್ತದೆ.

ಹಾಳಾದದ್ದಕ್ಕೆ ಬದಲು ಕಾರವಾರದ ಬಂಡೆಗಳಿಂದ ಇನ್ನೊಂದನ್ನು ಕಿತ್ತು ತಂದರಾಯಿತು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಸುಣ್ಣಕಂಟಕದ ಸ್ಪಂಜುಗಳೆಲ್ಲ 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿವೆ. ಕಡಲ ತೀರದ ಪ್ರವಾಸದಲ್ಲಿ ಇಳಿತದ ಹೊತ್ತಿಗೆ ಕಲ್ಲು ಮಗುಚಿ ನೋಡಿ, ಅದನ್ನು ಇದ್ದ ಹಾಗೆಯೇ ಮರಳಿ ಇಡುವುದು ನಮ್ಮ ವಿದ್ಯಾರ್ಥಿಗಳ ರೂಢಿ.

ಈಗ ಸುಣ್ಣದ ಅಂಶವಿರುವ ಮಾದರಿಗಳನ್ನೆಲ್ಲ 70 ಶೇಕಡಾ ಆಲ್ಕೋಹಾಲ್‌ಗೆ ಬದಲಾಯಿಸಿದ್ದೇವೆ. ದ್ರವದ ಹೆಸರು ಮತ್ತು ತುಂಬಿದ ದಿನಾಂಕವನ್ನು ಚೀಟಿಯ ಮೇಲೆ ಬರೆಯುತ್ತೇವೆ. ಅಟೆಂಡರ್ ತಿಂಗಳಿಗೊಮ್ಮೆ ಮಟ್ಟ ನೋಡುತ್ತಾರೆ. ಕರಗಿದ ಸೈಕಾನ್ ಅನ್ನು ಎಸೆದಿಲ್ಲ, ಸ್ಪಿರಿಟ್ ಬರಣಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಅದೇ ವಾರ ಕಪಾಟಿನ ಉಳಿದ ಬರಣಿಗಳನ್ನೂ ತೆಗೆದು ನೋಡಿದೆ: ಕಡಲ ಬಸವನಹುಳುವಿನ ಚಿಪ್ಪಿನ ಹೊಳಪು ಪೂರ್ತಿ ಹೋಗಿತ್ತು, ಒರೆಸಿದರೆ ಬೆರಳಿಗೆ ಬಿಳಿ ಪುಡಿ ಅಂಟುತ್ತಿತ್ತು.