ಗೋವಾ ಸಾಸೇಜ್‌ಗೆ ಎಣ್ಣೆಯಲ್ಲ, ಮೊದಲು ನೀರು

ಬೆಂಗಳೂರಿನ ಫ್ರೇಜರ್ ಟೌನ್, ಕುಕ್ ಟೌನ್ ಕಡೆಯ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ (ತಣ್ಣಗಿಟ್ಟ ಮಾಂಸ ಮಾರುವ ಅಂಗಡಿಗಳು) ದಾರ ಕಟ್ಟಿದ ಕೆಂಪು ಮಣಿಸರದಂಥ ಗೋವಾ ಸಾಸೇಜ್ ಹುಡುಕಿದರೆ ಸಿಗುತ್ತದೆ. ಪಕ್ಕದಲ್ಲೇ ಫ್ರಾಂಕ್‌ಫರ್ಟರ್, ಕಾಕ್‌ಟೇಲ್ ಸಾಸೇಜ್ ಪ್ಯಾಕೆಟ್‌ಗಳೂ ಇರುತ್ತವೆ. ಅವು ಸಾಮಾನ್ಯವಾಗಿ ಬೆಂದೇ ಬಂದಿರುತ್ತವೆ, ಚೆನ್ನಾಗಿ ಬಿಸಿ ಮಾಡಿದರೆ ಆಯಿತು. ಗೋವಾ ಸಾಸೇಜ್ ಹಾಗಲ್ಲ. ಅದು ಹಸಿ ಹಂದಿ ಮಾಂಸ. ಉಪ್ಪು, ವಿನೆಗರ್, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಚಕ್ಕೆ, ಲವಂಗದಲ್ಲಿ ನೆನೆಸಿ, ಕರುಳಿಗೆ ತುಂಬಿ, ಬಿಸಿಲಲ್ಲೋ ಹೊಗೆಯಲ್ಲೋ ಒಣಗಿಸಿದ್ದು. ಉಪ್ಪು, ಹುಳಿ ಅದನ್ನು ಬೇಗ ಕೆಡದಂತೆ ಕಾಯುತ್ತವೆ, ಬೇಯಿಸುವುದಿಲ್ಲ. ಬೇಯುವ ಮೊದಲು ರುಚಿ ನೋಡಲೇಬೇಡಿ.

ಕೊಳ್ಳುವಾಗ ಒತ್ತಿ ನೋಡಿ: ಗಟ್ಟಿಯಾಗಿರಬೇಕು, ಆದರೆ ಕಲ್ಲಾಗಿರಬಾರದು. ಮಾಂಸದ ನಡುವೆ ಕೊಬ್ಬಿನ ತುಂಡುಗಳು ಕಾಣಬೇಕು. ಕೊಬ್ಬೇ ಇಲ್ಲದಿದ್ದರೆ ಬೆಂದ ಮೇಲೆ ನಾರುನಾರು. ಹುಳಿ, ಬೆಳ್ಳುಳ್ಳಿ ವಾಸನೆ ಸರಿ. ಹಳೇ ಎಣ್ಣೆಯ ಕಮಟು ಬಂದರೆ ಬೇಡ. ಲೋಳೆಯೋ ಹಸಿರು, ಕಪ್ಪು ಬೂಷ್ಟೋ ಕಂಡರೆ ಒರೆಸಿ ಉಳಿಸಿಕೊಳ್ಳಬೇಡಿ, ಎಸೆಯಿರಿ. ಬೆಂಗಳೂರಿನ ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ತೂಗುಹಾಕುವುದೂ ಬೇಡ; ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಫ್ರಿಜ್‌ನಲ್ಲಿಡಿ.

ನಾಲ್ಕು ಜನಕ್ಕೆ 250 ಗ್ರಾಂ ಸಾಕು. ದಾರ ಕತ್ತರಿಸಿ ತೆಗೆಯಿರಿ. ಒಂದು ಚೂರು ದಾರ ಉಳಿದರೂ ಬಾಯಿಗೆ ಸಿಗುತ್ತದೆ. ಹೊರಗಿನ ಪದರವನ್ನು ಚಾಕುವಿನಿಂದ ಸೀಳಿ ಸುಲಿಯಿರಿ. ಅಂಟಿಕೊಂಡಿದ್ದರೆ ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಡಿ. ಸ್ಟೀಲ್ ಪಾತ್ರೆಯೇ ಆಗಬೇಕು, ದಪ್ಪ ತಳದ್ದು. ಅಲ್ಯೂಮಿನಿಯಂ, ಕಬ್ಬಿಣ ವಿನೆಗರ್‌ಗೆ ಒಗ್ಗುವುದಿಲ್ಲ, ಲೋಹದ ರುಚಿ ಬಿಡುತ್ತವೆ.

ಮಾಂಸಕ್ಕೆ ಒಂದು ಲೋಟ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಿ. ಎಣ್ಣೆ ಹಾಕಿ ಹುರಿಯಲು ಹೊರಟರೆ ಮಾಂಸದ ನಡು ಬೇಯುವ ಮೊದಲೇ ಮೆಣಸಿನಕಾಯಿ, ಬೆಳ್ಳುಳ್ಳಿ ಸೀದು ಕಹಿಯಾಗುತ್ತವೆ. ನೀರಿನಲ್ಲಾದರೆ ಮಾಂಸ ಮೆತ್ತಗಾಗುತ್ತದೆ, ಕೊಬ್ಬು ನಿಧಾನವಾಗಿ ಕರಗುತ್ತದೆ. ಮುಚ್ಚಳ ತೆಗೆದು ನೀರು ಇಂಗಿಸಿ. ಕೆಂಪು ಎಣ್ಣೆ ತಾನೇ ತೇಲುತ್ತದೆ. ಅತಿಯಾದರೆ ಎರಡು ಚಮಚ ತೆಗೆದಿಟ್ಟುಕೊಳ್ಳಿ. ಮೊಟ್ಟೆ ಹುರಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಉಳಿದ ಎಣ್ಣೆಯಲ್ಲೇ ಉದ್ದುದ್ದ ಹೆಚ್ಚಿದ ಮೂರು ದೊಡ್ಡ ಈರುಳ್ಳಿ ಹಾಕಿ, ಹತ್ತು ನಿಮಿಷ ಬಾಡಿಸಿ. ಈರುಳ್ಳಿ ಕಡಿಮೆ ಮಾಡಬೇಡಿ, ಖಾರ ಹುಳಿಗಳನ್ನು ಹಿಡಿದು ನಿಲ್ಲಿಸುವುದು ಅದರ ಸಿಹಿಯೇ. ಆಮೇಲೂ ಹುಳಿ ಎನಿಸಿದರೆ ಚಿಟಿಕೆ ಬೆಲ್ಲ.

ಆಲೂಗಡ್ಡೆ ಬೇಕಿದ್ದರೆ ಬೇರೆಯಾಗಿ ಮುಕ್ಕಾಲು ಬೇಯಿಸಿ ಕೊನೆಗೆ ಸೇರಿಸಿ. ಹಸಿಯಾಗಿ ಹಾಕಿದರೆ ಹುಳಿ ನೀರಿನಲ್ಲಿ ಅದು ಬೇಗ ಮೆತ್ತಗಾಗಲು ಒಪ್ಪುವುದಿಲ್ಲ. ಟೊಮೆಟೊ ಬೇಡವೇ ಬೇಡ. ಉಪ್ಪನ್ನು ಎಲ್ಲ ಆದಮೇಲೆ ರುಚಿ ನೋಡಿಯೇ ಹಾಕಿ. ಹೆಚ್ಚಿನ ಸಲ ಬೇಕಾಗುವುದೇ ಇಲ್ಲ.

ಗೋವಾದಲ್ಲಿ ಇದನ್ನು ಪಾವ್ ಇಲ್ಲವೇ ಪೊಯ್ ಎಂಬ ಗೋಧಿ ಬ್ರೆಡ್ಡಿನ ಜೊತೆ ತಿನ್ನುತ್ತಾರೆ. ಇಲ್ಲಿ ಬೇಕರಿಯ ಸಿಹಿ ಬನ್ನಿಗಿಂತ ಸಾದಾ ಪಾವ್ ಒಳ್ಳೆಯದು, ನೀರ್ ದೋಸೆ ಇನ್ನೂ ಒಳ್ಳೆಯದು, ಆ ಎಣ್ಣೆಯನ್ನು ಪೂರ್ತಿ ಹೀರುತ್ತದೆ. ಪಕ್ಕಕ್ಕೆ ಸೌತೆಕಾಯಿ ಸಾಕು, ನಿಂಬೆ ಹಿಂಡಬೇಡಿ. ಉಳಿದದ್ದು ಫ್ರಿಜ್‌ನಲ್ಲಿ ಒಂದು ರಾತ್ರಿ ಕಳೆದರೆ ಮಸಾಲೆ ಇನ್ನಷ್ಟು ಹಿಡಿದಿರುತ್ತದೆ. ಬಿಸಿ ಮಾಡುವಾಗ ಎರಡು ಚಮಚ ನೀರು ಚಿಮುಕಿಸಿ, ಇಲ್ಲವಾದರೆ ತಳ ಹಿಡಿಯುತ್ತದೆ.